ಮುದಿ ಸಬ್‌ಮರೀನನ್ನೇ ಅಷ್ಟು ದೂರ ಕಳಿಸಿದ್ದೇಕೆ? ಘಾಜಿಯ ಪೂರ್ತಿ ಕಥೆ

ಮುಳುಗಿ ಸಿಕ್ಕಿಕೊಂಡ ಸಬ್‌ಮರೀನಿನಿಂದ ಜನರನ್ನು ಪಾರುಮಾಡಲು ನಮ್ಮ ನೌಕಾಪಡೆಯ ಬಳಿ ಡಿಎಸ್‌ಆರ್‌ವಿ ಎಂಬ ಪುಟ್ಟ ವಾಹನವಿದೆ. ವಿಶಾಖಪಟ್ಟಣದ ಹತ್ತಿರ, 1971ರ ಭಾರತ-ಪಾಕ್ ಯುದ್ಧದಲ್ಲಿ ಮುಳುಗಿ ಸಮುದ್ರದ ತಳದಲ್ಲಿ ಬಿದ್ದಿರುವ ಪಾಕಿಸ್ತಾನದ ‘ಘಾಜಿ’ ಸಬ್‌ಮರೀನನ್ನು ಅದು ಗುರುತಿಸಿತು ಅಂತ 2024ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಆಮೇಲೆ ಹಳೆಯ ಕಥೆಗಳೆಲ್ಲ ಮೊಬೈಲುಗಳಲ್ಲಿ ಮತ್ತೆ ಓಡಾಡಿದವು. ಅರ್ಧ ಸಿನಿಮಾದಿಂದ ಬಂದದ್ದು, ಇನ್ನರ್ಧ ಯಾರೋ ಯಾರಿಗೋ ಹೇಳಿದ್ದು.

ಘಾಜಿ ಮುಳುಗಿದ ರಾತ್ರಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಕ್ಕೂ ಹಿಂದಿನ 26 ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ. ಅಷ್ಟು ಹಳೆಯ ಸಬ್‌ಮರೀನು ಕರಾಚಿಯಿಂದ ಸಿಂಹಳ ದ್ವೀಪವನ್ನು ಸುತ್ತಿಕೊಂಡು ವಿಶಾಖಪಟ್ಟಣದ ಬಂದರಿನ ಬಾಗಿಲಿಗೆ ಬಂದದ್ದೇಕೆ? ಉತ್ತರ ಬೇಕಾದರೆ ಅದು ಯಾವ ಕೆಲಸಕ್ಕೆಂದು ಹುಟ್ಟಿತು ಅನ್ನುವಲ್ಲಿಂದಲೇ ಶುರುಮಾಡಬೇಕು.

## ಯುದ್ಧಕ್ಕೆಂದು ಕಟ್ಟಿದರು, ಯುದ್ಧವೇ ಮುಗಿಯಿತು

ಘಾಜಿಯ ಮೊದಲ ಹೆಸರು ‘ಡಯಾಬ್ಲೊ’. ಅಮೆರಿಕದ ಮೇನ್ ರಾಜ್ಯದ ಕಿಟರಿಯಲ್ಲಿ ಪೋರ್ಟ್ಸ್‌ಮತ್ ನೌಕಾ ಕಾರ್ಖಾನೆ ಇದೆ. ಅಲ್ಲಿ 1944ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ಡಿಸೆಂಬರ್ 1ಕ್ಕೆ ನೀರಿಗೆ ಇಳಿಸಿದರು. 1945ರ ಮಾರ್ಚ್ 31ಕ್ಕೆ ಸೇವೆಗೆ ಸೇರಿತು. ಎಂಟೇ ತಿಂಗಳು! ಅದು ಯುದ್ಧಕಾಲದ ವೇಗ. ಶಾಂತಿಯ ದಿನಗಳಲ್ಲಿ ಇಂಥ ಕೆಲಸಕ್ಕೆ ವರ್ಷಗಳೇ ಬೇಕು.

ಇದು ‘ಟೆಂಚ್’ ಎಂಬ ವರ್ಗದ್ದು. ಒಂದೇ ನಕ್ಷೆಯಲ್ಲಿ ಕಟ್ಟಿದ ಹಡಗುಗಳ ಗುಂಪಿಗೆ ನೌಕಾಪಡೆಯವರು ವರ್ಗ ಅನ್ನುತ್ತಾರೆ. ಆ ವರ್ಗದಲ್ಲಿ 29 ಸಬ್‌ಮರೀನುಗಳು ತಯಾರಾದವು. ಸುಮಾರು 95 ಮೀಟರ್ ಉದ್ದ, ಮುಂದೆ 6 ಮತ್ತು ಹಿಂದೆ 4 ಟಾರ್ಪಿಡೊ ಕೊಳವೆ, ಒಟ್ಟು 28 ಟಾರ್ಪಿಡೊ. ಟಾರ್ಪಿಡೊ ಅಂದರೆ ನೀರೊಳಗೆ ತಾನೇ ಓಡಿಹೋಗಿ ಹಡಗಿಗೆ ಬಡಿಯುವ ಸಿಡಿತಲೆ.

ನೆನಪಿಡಬೇಕಾದ ಅಂಕಿ ಬೇರೆ ಇದೆ. ಒಮ್ಮೆ ಡೀಸೆಲ್ ತುಂಬಿದರೆ ಈ ಸಬ್‌ಮರೀನು ನಿಧಾನ ವೇಗದಲ್ಲಿ 11,000 ನಾಟಿಕಲ್ ಮೈಲು, ಅಂದರೆ ಸುಮಾರು 20,000 ಕಿಲೋಮೀಟರ್ ಹೋಗಬಲ್ಲದು. ಎರಡೂವರೆ ತಿಂಗಳು ಸಮುದ್ರದಲ್ಲೇ ಇರಬಲ್ಲದು. ಇಷ್ಟೊಂದು ಯಾಕೆ ಬೇಕಿತ್ತು ಅಂದರೆ, ಆಗ ಅಮೆರಿಕದ ಶತ್ರು ಜಪಾನ್. ಹವಾಯಿಯ ಪರ್ಲ್ ಹಾರ್ಬರ್‌ನಿಂದ ಜಪಾನಿಗೆ 6,000 ಕಿಲೋಮೀಟರಿಗೂ ಜಾಸ್ತಿ. ಅಲ್ಲಿಗೆ ಹೋಗಬೇಕು, ವಾರಗಟ್ಟಲೆ ಹೊಂಚು ಹಾಕಬೇಕು, ಮತ್ತೆ ವಾಪಸ್ ಬರಬೇಕು. ಪೆಸಿಫಿಕ್ ಸಾಗರದ ಅಗಲವೇ ಈ ಸಬ್‌ಮರೀನಿನ ಅಳತೆಯನ್ನು ಗೊತ್ತುಮಾಡಿತ್ತು.

ಡಯಾಬ್ಲೊ 1945ರ ಜುಲೈ ಕೊನೆಯ ಹೊತ್ತಿಗೆ ಪರ್ಲ್ ಹಾರ್ಬರ್ ಮುಟ್ಟಿತು. ಆಗಸ್ಟ್ 10ರಂದು ಮೊದಲ ಗಸ್ತಿಗೆ ಹೊರಟಿತು. ಐದು ದಿನಕ್ಕೆ ಜಪಾನ್ ಸೋಲೊಪ್ಪಿತು. ದಾರಿಯಲ್ಲೇ ಅದನ್ನು ಗುವಾಮಿಗೆ ತಿರುಗಿಸಿದರು. ಯಾವ ಯುದ್ಧಕ್ಕಾಗಿ ಅಷ್ಟು ಅವಸರದಲ್ಲಿ ಕಟ್ಟಿದರೋ ಆ ಯುದ್ಧದಲ್ಲಿ ಅದು ಒಂದು ಟಾರ್ಪಿಡೊವನ್ನೂ ಹಾರಿಸಲಿಲ್ಲ.

## ಡೀಸೆಲ್-ಎಲೆಕ್ಟ್ರಿಕ್ ಅಂದರೆ ಏನು?

ಆ ಕಾಲದ ಸಬ್‌ಮರೀನುಗಳು ಸದಾ ನೀರೊಳಗೇ ಇರುತ್ತಿದ್ದವು ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಬೇರೆ. ಅವು ಬಹುಪಾಲು ಹೊತ್ತು ನೀರ ಮೇಲೇ ಹೋಗುತ್ತಿದ್ದವು. ಬೇಕಾದಾಗ ಮಾತ್ರ ಮುಳುಗುತ್ತಿದ್ದವು.

ಕಾರಣ ಗಾಳಿ. ಡೀಸೆಲ್ ಉರಿಯಲು ಗಾಳಿ ಬೇಕು, ನೀರೊಳಗೆ ಅದಿಲ್ಲ. ಹಾಗಾಗಿ ಎರಡು ಏರ್ಪಾಡು ಇರುತ್ತಿತ್ತು. ನೀರ ಮೇಲಿದ್ದಾಗ ಡೀಸೆಲ್ ಎಂಜಿನ್ ಓಡಿಸಿ ಕರೆಂಟ್ ಮಾಡುವುದು, ಅದರಿಂದ ಮೋಟರ್ ತಿರುಗಿಸುವುದು, ಜೊತೆಗೆ ಬ್ಯಾಟರಿ ತುಂಬಿಸಿಕೊಳ್ಳುವುದು. ಮುಳುಗಿದಾಗ ಎಂಜಿನ್ ಬಂದ್, ಬರೀ ಬ್ಯಾಟರಿ ಮೇಲೆ ಓಟ.

ಆ ಬ್ಯಾಟರಿ ನಮಗೆ ಗೊತ್ತಿಲ್ಲದ ವಸ್ತುವೇನಲ್ಲ. ಕರೆಂಟ್ ಹೋದಾಗ ಮನೆಯಲ್ಲಿ ಫ್ಯಾನ್ ತಿರುಗಿಸುವ ಇನ್ವರ್ಟರ್ ಬ್ಯಾಟರಿಯ ಜಾತಿಯೇ ಅದು. ಅದೇ ಸೀಸದ ಪ್ಲೇಟು, ಅದೇ ಆಸಿಡ್ಡು, ಆಗಾಗ ಹಾಕಬೇಕಾದ ಅದೇ ಡಿಸ್ಟಿಲ್ಡ್ ನೀರು. ಗಾತ್ರ ಮಾತ್ರ ಬೇರೆ. ಟೆಂಚ್ ವರ್ಗದಲ್ಲಿ 252 ಸೆಲ್‌ಗಳಿದ್ದವು. ಒಂದೊಂದು ಸೆಲ್ಲೂ ಹತ್ತಿರಹತ್ತಿರ ಮುಕ್ಕಾಲು ಟನ್. ಇನ್ವರ್ಟರನ್ನು ಗಾಳಿಯಾಡುವ ಕಡೆ ಇಡಿ ಅಂತ ಅಂಗಡಿಯವರು ಹೇಳುತ್ತಾರಲ್ವಾ? ಚಾರ್ಜ್ ಆಗುವಾಗ ಇಂಥ ಬ್ಯಾಟರಿ ಹೈಡ್ರೋಜನ್ ಅನಿಲ ಬಿಡುತ್ತದೆ, ಅದಕ್ಕೇ ಈ ಎಚ್ಚರಿಕೆ. ಮನೆಯಲ್ಲಿ ಬರುವುದು ಸ್ವಲ್ಪ, ಕಿಟಕಿಯಿಂದ ಆಚೆ ಹೋಗುತ್ತದೆ. ಎಲ್ಲ ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಹೋಗಲು ಜಾಗವಿಲ್ಲ, ಫ್ಯಾನ್ ಹಾಕಿ ಹೊರಗೆ ದಬ್ಬಬೇಕು. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4 ದಾಟಿದರೆ ಒಂದು ಕಿಡಿ ಸಾಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಬ್ಯಾಟರಿಯ ಇನ್ನೊಂದು ಮಿತಿ ವೇಗ. ನೀರ ಮೇಲೆ ಗಂಟೆಗೆ ಸುಮಾರು 37 ಕಿಲೋಮೀಟರ್ ಓಡುವ ಇದೇ ಸಬ್‌ಮರೀನು, ನೀರೊಳಗೆ ಎಷ್ಟು ಕಷ್ಟಪಟ್ಟರೂ 16 ದಾಟುತ್ತಿರಲಿಲ್ಲ. ಅದೂ ಸ್ವಲ್ಪ ಹೊತ್ತು ಮಾತ್ರ. ನಡಿಗೆಯ ವೇಗದಲ್ಲಿ ತೆವಳಿದರೆ ಸುಮಾರು ಎರಡು ದಿನ ತಡೆಯುತ್ತಿತ್ತು. ಆಮೇಲೆ ಚಾರ್ಜ್ ಮಾಡಲು ಮೇಲೆ ಬರಲೇಬೇಕು.

ಯುದ್ಧದ ನಂತರ ಅಮೆರಿಕ ತನ್ನ ಹಳೆಯ ಸಬ್‌ಮರೀನುಗಳಿಗೆ ಒಂದು ಉಪಾಯ ಮಾಡಿತು. ಪೂರ್ತಿ ಮೇಲೆ ಬರದೆ, ಒಂದು ಉದ್ದದ ಕೊಳವೆಯನ್ನು ಮಾತ್ರ ನೀರಿನಿಂದ ಹೊರಗೆ ಚಾಚಿ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವುದು. ಇದಕ್ಕೆ ಸ್ನಾರ್ಕೆಲ್ ಅನ್ನುತ್ತಾರೆ. ಡಯಾಬ್ಲೊಗೂ ಅದನ್ನು ಜೋಡಿಸಿದರು. ಅನುಕೂಲದ ಜೊತೆ ಕಿರಿಕಿರಿಯೂ ಬಂತು. ಅಲೆ ಕೊಳವೆಯ ಬಾಯಿಗೆ ಬಂದರೆ ಕವಾಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ, ಒಳಗಿನ ಗಾಳಿಯನ್ನೇ ಹೀರತೊಡಗುತ್ತದೆ. ಒಳಗಿದ್ದವರ ಕಿವಿ ಗುಂಯ್ ಅನ್ನುತ್ತದೆ.

## ಕರಾಚಿಗೆ ಬಂದದ್ದು

1950ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಬಳಿ ಅಣುಶಕ್ತಿಯ ಸಬ್‌ಮರೀನುಗಳು ಬಂದಿದ್ದವು. ಹಳೆಯವನ್ನು ಏನು ಮಾಡುವುದು? ಮಿತ್ರದೇಶಗಳಿಗೆ ಕೊಡುವುದು. ಟರ್ಕಿ, ಗ್ರೀಸ್, ಬ್ರೆಜಿಲ್, ತೈವಾನ್ ಹೀಗೆ ಹಲವು ದೇಶಗಳ ನೌಕಾಪಡೆಗಳಿಗೆ ಅಮೆರಿಕದ ಯುದ್ಧಕಾಲದ ಸಬ್‌ಮರೀನುಗಳು ಹೋದವು. ಪಾಕಿಸ್ತಾನ ಆಗ ಅಮೆರಿಕದ ಸೇನಾ ಕೂಟದಲ್ಲಿತ್ತು. 1964ರ ಜೂನ್ 1ರಂದು ಡಯಾಬ್ಲೊ ಪಾಕಿಸ್ತಾನದ ಕೈಗೆ ಬಂತು, ಗುತ್ತಿಗೆ ಮೇಲೆ. ಹೆಸರು ಘಾಜಿ ಆಯಿತು. ದಕ್ಷಿಣ ಏಷ್ಯಾದ ಯಾವುದೇ ನೌಕಾಪಡೆ ಹೊಂದಿದ್ದ ಮೊದಲ ಸಬ್‌ಮರೀನ್ ಅದು. ಭಾರತದ ಮೊದಲ ಸಬ್‌ಮರೀನ್ ‘ಕಲ್ವರಿ’ ಸೇವೆಗೆ ಸೇರಿದ್ದು 1967ರ ಡಿಸೆಂಬರ್‌ನಲ್ಲಿ.

1965ರ ಯುದ್ಧದಲ್ಲಿ ಈ ಭಾಗದ ಸಮುದ್ರದಲ್ಲಿದ್ದ ಏಕೈಕ ಸಬ್‌ಮರೀನ್ ಘಾಜಿ. ಅದನ್ನು ಮುಂಬೈ ಕಡೆಗೆ ಕಳಿಸಿದ್ದರು. ಭಾರತದ ವಿಮಾನವಾಹಕ ನೌಕೆ ‘ವಿಕ್ರಾಂತ್’ ಆಗ ರಿಪೇರಿಗೆಂದು ಡಾಕ್‌ನಲ್ಲಿತ್ತು. ‘ಬ್ರಹ್ಮಪುತ್ರಾ’ ಎಂಬ ಯುದ್ಧನೌಕೆಗೆ ಟಾರ್ಪಿಡೊ ಹೊಡೆದೆವು ಅಂತ ಪಾಕಿಸ್ತಾನ ಹೇಳಿತು. ಯುದ್ಧ ಮುಗಿದ ಮೇಲೂ ಬ್ರಹ್ಮಪುತ್ರಾ ಒಂದು ಗೀರೂ ಇಲ್ಲದೆ ತೇಲುತ್ತಿತ್ತು. ಹಾಗಂತ ಘಾಜಿಯ ಪ್ರಭಾವ ಸೊನ್ನೆ ಅನ್ನಲಾಗದು. ಎಲ್ಲಿದೆಯೋ ಗೊತ್ತಿಲ್ಲದ ಒಂದು ಸಬ್‌ಮರೀನಿದ್ದರೆ ಎದುರಾಳಿಯ ಇಡೀ ಪಡೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೆಜ್ಜೆ ಇಡಬೇಕಾಗುತ್ತದೆ. ಸಬ್‌ಮರೀನಿನ ಬಲದಲ್ಲಿ ಅರ್ಧಪಾಲು ಇದೇ.

## ಸಬ್‌ಮರೀನಿಗೆ ವಯಸ್ಸಾಗುವುದು ಹೇಗೆ?

ಕೆಳಗಿಳಿದಂತೆ ಪ್ರತಿ 10 ಮೀಟರಿಗೆ ನೀರಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು ಏರುತ್ತದೆ. ಟೆಂಚ್ ವರ್ಗಕ್ಕೆ ನಿಗದಿಯಾದ ಆಳ ಸುಮಾರು 120 ಮೀಟರ್. ಅಲ್ಲಿ ಉಕ್ಕಿನ ಕವಚದ ಒಂದೊಂದು ಚದರ ಮೀಟರ್ ಮೇಲೂ ಸುಮಾರು 120 ಟನ್ ಭಾರ. ಮುಳುಗಿದಾಗ ಕವಚ ಕೂದಲೆಳೆಯಷ್ಟು ಕುಗ್ಗುತ್ತದೆ, ಮೇಲೆ ಬಂದಾಗ ಹಿಗ್ಗುತ್ತದೆ. ಸಾವಿರಾರು ಸಲ ಹೀಗಾದರೆ ಬೆಸುಗೆಗಳು ದಣಿಯುತ್ತವೆ. ಜೊತೆಗೆ ಉಪ್ಪುನೀರಿನ ತುಕ್ಕು. ತುಕ್ಕು ಹಿಡಿದಷ್ಟೂ ತಗಡು ತೆಳುವಾಗುತ್ತದೆ, ಹೋಗಬಹುದಾದ ಆಳವೂ ಕಡಿಮೆಯಾಗುತ್ತದೆ.

ಕವಚಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಸಣ್ಣಪುಟ್ಟ ಭಾಗಗಳು. ಕವಾಟ, ಪಂಪು, ರಬ್ಬರ್ ಸೀಲು, ಕೇಬಲ್ಲು. ಬ್ಯಾಟರಿಯನ್ನಂತೂ ಕೆಲವು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಇವೆಲ್ಲ ಅಮೆರಿಕದಿಂದಲೇ ಬರಬೇಕಿತ್ತು. ಆದರೆ 1965ರ ಯುದ್ಧದ ಕಾರಣ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರಾಸ್ತ್ರ ಕೊಡುವುದನ್ನು ನಿಲ್ಲಿಸಿತು. ಘಾಜಿಗೆ ದೊಡ್ಡ ರಿಪೇರಿ ಬೇಕಿತ್ತು, ಕರಾಚಿಯಲ್ಲಿ ಅದು ಸಾಧ್ಯವಿರಲಿಲ್ಲ.

ದಾರಿ ಸಿಕ್ಕಿದ್ದು ಟರ್ಕಿಯಲ್ಲಿ. ಅಲ್ಲಿನ ನೌಕಾಪಡೆಯಲ್ಲೂ ಇದೇ ಬಗೆಯ ಅಮೆರಿಕನ್ ಸಬ್‌ಮರೀನುಗಳಿದ್ದವು. ಗೋಲ್ಜುಕ್ ಎಂಬಲ್ಲಿ ಅವುಗಳ ರಿಪೇರಿ ಗೊತ್ತಿದ್ದ ಕಾರ್ಖಾನೆ ಇತ್ತು. ಆದರೆ 1967ರ ಜೂನಿನಲ್ಲಿ ಸೂಯೆಜ್ ಕಾಲುವೆ ಮುಚ್ಚಿಹೋಗಿತ್ತು. ಘಾಜಿ ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಟರ್ಕಿಗೆ ಹೋಯಿತು. 1970ರಲ್ಲಿ ಕರಾಚಿಗೆ ಮರಳಿತು. ಯಂತ್ರಗಳನ್ನು ಹೊಸದು ಮಾಡಿದ್ದರು. ಟಾರ್ಪಿಡೊ ಕೊಳವೆಗಳಿಂದ ಮೈನ್ ಇಳಿಸುವ ಅನುಕೂಲವೂ ಅದಕ್ಕಿತ್ತು. ಮೈನ್ ಅಂದರೆ ನೀರಲ್ಲಿ ಬಿಟ್ಟುಹೋಗುವ ಸಿಡಿಗುಂಡು. ಹಡಗು ಹತ್ತಿರ ಬಂದಾಗ ಸಿಡಿಯುತ್ತದೆ. ಯಾರ ಹಡಗು ಅಂತ ಅದು ಕೇಳುವುದಿಲ್ಲ.

## 1971ರಲ್ಲಿ ಇದನ್ನೇ ಕಳಿಸಿದ್ದೇಕೆ?

ಪಾಕಿಸ್ತಾನದ ಬಳಿ ಬೇರೆ ಸಬ್‌ಮರೀನ್ ಇರಲಿಲ್ಲವೇ? ಇದ್ದವು. ಫ್ರಾನ್ಸಿನಿಂದ ಕೊಂಡ ಮೂರು ಹೊಚ್ಚ ಹೊಸ ‘ಡಾಫ್ನೆ’ ವರ್ಗದ ಸಬ್‌ಮರೀನುಗಳು ಆಗಷ್ಟೇ ಬಂದಿದ್ದವು. ಸದ್ದು ಕಡಿಮೆ, ಉಪಕರಣ ಉತ್ತಮ. ಅವುಗಳಲ್ಲೊಂದಾದ ‘ಹಂಗೋರ್’ 1971ರ ಡಿಸೆಂಬರ್ 9ರಂದು ಭಾರತದ ‘ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 194 ಜನ ತೀರಿಕೊಂಡರು.

ಆದರೆ ಡಾಫ್ನೆಗಳು ಚಿಕ್ಕವು. ಉದ್ದ 58 ಮೀಟರ್, ತೂಕ ಘಾಜಿಯ ಸುಮಾರು ಅರ್ಧದಷ್ಟು. ಅರಬ್ಬಿ ಸಮುದ್ರಕ್ಕೆ ಅವು ಸಾಕು. ಪಾಕಿಸ್ತಾನದ ಚಿಂತೆ ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ. ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ. ವಿಕ್ರಾಂತ್ ಅಲ್ಲಿಗೆ ಹೋಗಿ ನಿಂತರೆ ಆ ಭಾಗಕ್ಕೆ ಸಮುದ್ರದ ದಾರಿಯೇ ಮುಚ್ಚುತ್ತಿತ್ತು. ಕರಾಚಿಯಿಂದ ವಿಶಾಖಪಟ್ಟಣಕ್ಕೆ ಸುತ್ತಿ ಬರಲು 4,000 ಕಿಲೋಮೀಟರಿನಷ್ಟು ದಾರಿ. ಆ ಕಡೆ ಚಿತ್ತಗಾಂಗ್ ಬಂದರಿದ್ದರೂ ಸಬ್‌ಮರೀನ್ ನೋಡಿಕೊಳ್ಳುವ ಸೌಲಭ್ಯವಿರಲಿಲ್ಲ. ಹೋದವರು ಏನನ್ನೂ ತುಂಬಿಕೊಳ್ಳದೆ ಹಾಗೇ ವಾಪಸ್ ಬರಬೇಕು.

ಅಷ್ಟು ದೂರದ ಕೆಲಸಕ್ಕೆ ಉಳಿದದ್ದು ಒಂದೇ. ಪೆಸಿಫಿಕ್‌ಗೆಂದು 1944ರಲ್ಲಿ ಕೊಟ್ಟ ಡೀಸೆಲ್ ಟ್ಯಾಂಕುಗಳೇ 27 ವರ್ಷದ ನಂತರ ಘಾಜಿಯನ್ನು ಆರಿಸಿದವು. ಪಾಕಿಸ್ತಾನದ ಅತಿ ಹಳೆಯ ಸಬ್‌ಮರೀನಿಗೆ ಅತಿ ಕಠಿಣ ಕೆಲಸ ಬಿದ್ದದ್ದು ಹೀಗೆ. ಬೇಜವಾಬ್ದಾರಿ ಅಂತ ಸುಮ್ನೆ ಹೇಳಿಬಿಡಬಹುದು, ಆದರೆ ಅವರ ಮುಂದೆ ಬೇರೆ ಆಯ್ಕೆ ಇರಲಿಲ್ಲ. ಕಮಾಂಡರ್ ಜಫರ್ ಮುಹಮ್ಮದ್ ಖಾನ್ ನಾಯಕತ್ವದಲ್ಲಿ, 90ಕ್ಕೂ ಹೆಚ್ಚು ಜನರೊಂದಿಗೆ ಅದು ನವೆಂಬರ್ 14ರಂದು ಕರಾಚಿ ಬಿಟ್ಟಿತು.

## ಮೂರು ಹಳೆಯ ಹಡಗುಗಳು

ಭಾರತದ ಕಡೆಯೂ ಎಲ್ಲ ಹೊಸದೇನಿರಲಿಲ್ಲ. ವಿಕ್ರಾಂತ್ ಕಟ್ಟಲು ಶುರುವಾದದ್ದು 1943ರಲ್ಲಿ, ಬ್ರಿಟನ್ನಿನಲ್ಲಿ, ‘ಹರ್ಕ್ಯುಲಿಸ್’ ಅನ್ನುವ ಹೆಸರಲ್ಲಿ. ಅದೂ ಯುದ್ಧ ಮುಗಿದು ಅರ್ಧಕ್ಕೆ ನಿಂತಿತ್ತು. 1957ರಲ್ಲಿ ಭಾರತ ಕೊಂಡು ಪೂರ್ತಿ ಮಾಡಿಸಿತು. 1971ರಲ್ಲಿ ಅದರ ಬಾಯ್ಲರ್ ಬಿರುಕು ಬಿಟ್ಟು ವೇಗ ತಗ್ಗಿತ್ತು. ಇನ್ನೊಂದು ‘ರಜಪೂತ್’. ಇದು 1942ರಲ್ಲಿ ಬ್ರಿಟನ್ನಿನ ಸೇವೆಗೆ ಸೇರಿ 1949ರಲ್ಲಿ ಭಾರತಕ್ಕೆ ಬಂದ ಡಿಸ್ಟ್ರಾಯರ್. ಡಿಸ್ಟ್ರಾಯರ್ ಅಂದರೆ ವೇಗವಾಗಿ ಓಡುವ, ಸಬ್‌ಮರೀನ್ ಬೇಟೆಯಾಡುವ ಹಡಗು. ಈ ಕಥೆಯ ಮೂರೂ ಹಡಗುಗಳು ಎರಡನೇ ಮಹಾಯುದ್ಧದ ಕೂಸುಗಳೇ.

ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ಎನ್. ಕೃಷ್ಣನ್. ಅವರು ವಿಕ್ರಾಂತನ್ನು ಗುಟ್ಟಾಗಿ ಅಂಡಮಾನ್ ಕಡೆ ಕಳಿಸಿದರು. ರಜಪೂತ್ ವಿಶಾಖಪಟ್ಟಣದ ಹತ್ತಿರ ನಿಂತು ತಾನೇ ವಿಕ್ರಾಂತ್ ಅನ್ನುವ ಹಾಗೆ ರೇಡಿಯೋ ಸಂದೇಶಗಳನ್ನು ಕಳಿಸತೊಡಗಿತು. ದೊಡ್ಡ ಹಡಗಿಗೆ ಬೇಕಾಗುವಷ್ಟು ದಿನಸಿ, ಮಾಂಸ, ತರಕಾರಿಗೆ ಊರಲ್ಲಿ ಆರ್ಡರ್ ಕೊಟ್ಟರು. ಊರಲ್ಲಿ ಗೂಢಚಾರರಿದ್ದರೆ ಸುದ್ದಿ ತಲುಪಲಿ ಅಂತ. ತಾಯಿಯ ಆರೋಗ್ಯ ವಿಚಾರಿಸಿ ವಿಕ್ರಾಂತಿನ ನಾವಿಕನೊಬ್ಬ ಕಳಿಸಿದಂತೆ ಒಂದು ಟೆಲಿಗ್ರಾಂ ಕೂಡ ಹೋಯಿತು.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ರಜಪೂತ್ ಬಂದರಿನಿಂದ ಹೊರಟಿತು. ನೀರಿನಲ್ಲಿ ಏನೋ ಅಲುಗಾಟ ಕಂಡು ಎರಡು ಡೆಪ್ತ್ ಚಾರ್ಜ್ ಬಿಟ್ಟಿತು. ಡೆಪ್ತ್ ಚಾರ್ಜ್ ಅಂದರೆ ಗೊತ್ತುಮಾಡಿದ ಆಳಕ್ಕೆ ಇಳಿದ ಮೇಲೆ ಸಿಡಿಯುವ ಡ್ರಮ್. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಭಾರಿ ಸ್ಫೋಟವಾಯಿತು. ಊರಲ್ಲಿ ಕಿಟಕಿ ಗಾಜುಗಳು ಒಡೆದವು. ಆಮೇಲೆ ಮೀನುಗಾರರಿಗೆ ತೇಲುವ ವಸ್ತುಗಳು ಸಿಕ್ಕಿದವು, ಮುಳುಗುಗಾರರು ಇಳಿದು ನೋಡಿದರು. ಘಾಜಿಯ ಯಾರೊಬ್ಬರೂ ಬದುಕಿರಲಿಲ್ಲ. ಡಿಸೆಂಬರ್ 9ರಂದು ಭಾರತ ವಿಷಯ ಪ್ರಕಟಿಸಿತು. ಅಷ್ಟರಲ್ಲಿ ವಿಕ್ರಾಂತಿನ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ನಡೆಸಿಯಾಗಿತ್ತು.

## ಹಾಗಾದರೆ ಮುಳುಗಿದ್ದು ಹೇಗೆ?

ಭಾರತದ ಅಧಿಕೃತ ನಿಲುವು, ರಜಪೂತ್ ಬಿಟ್ಟ ಡೆಪ್ತ್ ಚಾರ್ಜ್‌ನಿಂದ ಅಂತ. ಸಮಯವೂ ಜಾಗವೂ ಇದಕ್ಕೆ ಹೊಂದುತ್ತವೆ. ಡೆಪ್ತ್ ಚಾರ್ಜ್ ನೇರವಾಗಿ ತಾಗಬೇಕೆಂದೇನಿಲ್ಲ. ಹತ್ತಿರ ಸಿಡಿದರೆ ಸಬ್‌ಮರೀನ್ ದಿಕ್ಕುತಪ್ಪಿ ನೆಲಕ್ಕೆ ಬಡಿಯಬಹುದು, ಒಳಗಿರುವ ಸ್ಫೋಟಕ ಸಿಡಿಯಬಹುದು. 95 ಮೀಟರ್ ಉದ್ದದ ಸಬ್‌ಮರೀನಿಗೆ ದಡದ ಹತ್ತಿರದ ನೀರಲ್ಲಿ ತಪ್ಪಿಸಿಕೊಳ್ಳುವ ಆಳವೂ ಇರುವುದಿಲ್ಲ.

ಪಾಕಿಸ್ತಾನದ ಕಡೆಯವರು ಹೇಳುವುದು, ಘಾಜಿ ತಾನೇ ಬಿಟ್ಟ ಮೈನ್‌ಗೆ ಸಿಕ್ಕಿತು ಅಂತ. ಮೈನ್ ಬಿಟ್ಟವರು ಜಾಗದ ಲೆಕ್ಕ ಇಟ್ಟುಕೊಂಡು ದೂರ ಇರುತ್ತಾರೆ. ಅಂದು ಯುದ್ಧದ ಕಾರಣ ಊರಿನ ದೀಪಗಳು ಆರಿದ್ದವು. ದಡದ ದೀಪ ಕಾಣದಿದ್ದರೆ ತಾವೆಲ್ಲಿದ್ದೇವೆ ಅನ್ನುವುದೇ ತಪ್ಪಬಹುದು. ಉಪಗ್ರಹ ನೋಡಿ ಜಾಗ ತಿಳಿಯುವ ಕಾಲವಲ್ಲ ಅದು.

ಮೂರನೆಯದು ಒಳಗಿನ ಸ್ಫೋಟ. ಹಡಗಿನ ಮುಂಭಾಗ ಹೊರಮುಖವಾಗಿ ಒಡೆದಿತ್ತು ಎಂಬ ವರದಿಯೇ ಇದಕ್ಕೆ ಮುಖ್ಯ ಆಧಾರ. ಹೊರಗಿನಿಂದ ಏಟು ಬಿದ್ದರೆ ತಗಡು ಒಳಕ್ಕೆ ಬಾಗಬೇಕು, ಅಲ್ವಾ? ಟಾರ್ಪಿಡೊಗಳ ದೊಡ್ಡ ದಾಸ್ತಾನು ಇರುವುದೂ ಮುಂಭಾಗದಲ್ಲೇ. ಕಿಡಿ ಎಲ್ಲಿಂದ ಬಂತು? ಇಲ್ಲಿ ಮೇಲೆ ಹೇಳಿದ ಹೈಡ್ರೋಜನ್ ಬರುತ್ತದೆ. ಶತ್ರುವಿನ ಬಂದರಿನ ಬಾಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು, ಗಾಳಿ ಬದಲಿಸಲು ಸಿಗುವ ಹೊತ್ತು ಬಹಳ ಕಡಿಮೆ. ಅನಿಲ ಒಳಗೇ ಶೇಖರವಾಗಿರಬಹುದು.

ತೊಂದರೆ ಏನೆಂದರೆ, ಒಡೆದ ಕವಚ ಈ ಮೂರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಮೊದಲ ಏಟು ಡೆಪ್ತ್ ಚಾರ್ಜಿನದೇ ಇರಲಿ, ಮೈನ್‌ನದೇ ಇರಲಿ, ಅದರಿಂದ ಒಳಗಿನ ಟಾರ್ಪಿಡೊಗಳು ಸಿಡಿದರೆ ತಗಡು ಹೊರಕ್ಕೇ ಒಡೆಯುತ್ತದೆ. ಮುದಿತನದಿಂದಲೇ ಮುಳುಗಿತು ಅನ್ನುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಅದಿರಲಿ, ಸಿನಿಮಾದಲ್ಲಿ ಬರುವಂತೆ ಭಾರತದ ಸಬ್‌ಮರೀನ್ ನೀರೊಳಗೆ ಘಾಜಿಯೊಂದಿಗೆ ಸೆಣಸಿತು ಅನ್ನುವುದು ಎರಡೂ ದೇಶಗಳ ಅಧಿಕೃತ ವಿವರಣೆಯಲ್ಲಿಲ್ಲ.

ಘಾಜಿಯನ್ನು ಮೇಲೆತ್ತಿದರೆ ಗೊತ್ತಾಗಬಹುದಿತ್ತು. ಅಮೆರಿಕ, ಸೋವಿಯತ್ ಎರಡೂ ಎತ್ತಿಕೊಡುತ್ತೇವೆ ಅಂದಿದ್ದವು. ಭಾರತ ಒಪ್ಪಲಿಲ್ಲ. 2024ರಲ್ಲಿ ಗುರುತಿಸಿದಾಗಲೂ ನೌಕಾಪಡೆ ಅದನ್ನು ಮುಟ್ಟಲಿಲ್ಲ. ಸತ್ತವರ ದೇಹಗಳಿರುವ ಹಡಗನ್ನು ಸಮಾಧಿಯಂತೆ ಕಾಣುವುದು ಸಮುದ್ರದವರ ಸಂಪ್ರದಾಯ.

## ಜೊತೆಯಲ್ಲಿ ಹುಟ್ಟಿದವು

ಡಯಾಬ್ಲೊದ ನಂಬರ್ 479. ಅದೇ ಕಾರ್ಖಾನೆಯಲ್ಲಿ ಎರಡು ವಾರ ಮೊದಲು ಸೇವೆಗೆ ಸೇರಿದ 478ರ ಹೆಸರು ‘ಕಟ್ಲಾಸ್’. 1973ರಲ್ಲಿ ಅದು ತೈವಾನಿಗೆ ಹೋಗಿ ‘ಹೈ ಶಿ’ ಆಯಿತು. 2017ರಲ್ಲೂ ಅದರ ಕವಚದ ರಿಪೇರಿಗೆ ತೈವಾನ್ ಯೋಜನೆ ಹಾಕಿತು. 2024ರಲ್ಲಿ ಘಾಜಿಯ ಸುದ್ದಿ ಬಂದಾಗಲೂ ಅದು ಸೇವೆಯಲ್ಲೇ ಇತ್ತು, ಮುಖ್ಯವಾಗಿ ತರಬೇತಿಗೆ. ಬೇರೆ ದೇಶಗಳು ಸಬ್‌ಮರೀನ್ ಮಾರಲು ಹಿಂಜರಿದದ್ದರಿಂದ ತೈವಾನಿಗೆ ಬೇರೆ ದಾರಿ ಇರಲಿಲ್ಲ. ನಂಬರ್ 481 ‘ರೆಕ್ವಿನ್’ ಪಿಟ್ಸ್‌ಬರ್ಗ್‌ನಲ್ಲಿ ವಸ್ತುಸಂಗ್ರಹಾಲಯವಾಗಿದೆ. ಇದೇ ವರ್ಗದ ‘ಟಾರ್ಸ್ಕ್’ ಬಾಲ್ಟಿಮೋರ್‌ನಲ್ಲಿದೆ. ಆ ಊರುಗಳ ಕಡೆ ಇರುವ ಕನ್ನಡಿಗರು ಘಾಜಿಯ ಒಳಗು ಹೇಗಿತ್ತು ಅಂತ ಅಲ್ಲಿ ನೋಡಬಹುದು.

ಇಲ್ಲಿರುವವರಿಗೆ ವಿಶಾಖಪಟ್ಟಣದ ಆರ್.ಕೆ. ಬೀಚಿನ ‘ಕುರ್ಸುರಾ’ ಇದೆ. ರಷ್ಯಾದ ‘ಫಾಕ್ಸ್‌ಟ್ರಾಟ್’ ವರ್ಗದ್ದು, 1969ರಲ್ಲಿ ಸೇವೆಗೆ ಸೇರಿ 2001ರವರೆಗೆ ದುಡಿಯಿತು. ಕಟ್ಟಿದ ದೇಶ ಬೇರೆಯಾದರೂ ಅಳತೆ ಹೆಚ್ಚುಕಡಿಮೆ ಘಾಜಿಯದೇ. 91 ಮೀಟರ್ ಉದ್ದ, ಮುಂದೆ 6 ಮತ್ತು ಹಿಂದೆ 4 ಕೊಳವೆ, ಡೀಸೆಲ್ ಎಂಜಿನ್, ಕಾಲಡಿಯ ನೆಲದ ಕೆಳಗೆ ಬ್ಯಾಟರಿ. ಒಳಗೆ ವಿವರಿಸುವ ಗೈಡುಗಳು ನೌಕಾಪಡೆಯಿಂದ ನಿವೃತ್ತರಾದವರು. ಬ್ಯಾಟರಿ ಚಾರ್ಜ್ ಮಾಡುವಾಗ ಹೈಡ್ರೋಜನ್ನನ್ನು ಹೇಗೆ ಹೊರಹಾಕುತ್ತಿದ್ದರು ಅಂತ ಅವರನ್ನೇ ಕೇಳಿ ನೋಡಿ.